ಬ್ಯಾಂಕಾಕಿನ ನಾಕಾಬಂದಿಯಲ್ಲಿ ಊದುವ ಮುನ್ನ

ಥಾಯ್ಲೆಂಡಿನಲ್ಲಿ ಕುಡಿದು ಗಾಡಿ ಓಡಿಸಿದ ಕೇಸನ್ನು ಮುಗಿಸುವ ಅಧಿಕಾರ ರಸ್ತೆಯಲ್ಲಿ ನಿಂತ ಪೊಲೀಸರಿಗೆ ಇಲ್ಲ. ಠಾಣೆಯ ಇನ್‌ಸ್ಪೆಕ್ಟರಿಗೂ ಇಲ್ಲ. ಅದು ಕೋರ್ಟಿನಲ್ಲೇ ಮುಗಿಯಬೇಕು. ಅಲ್ಲಿಗೆ ಕೆಲಸಕ್ಕೆ ಹೋಗಿ ನೆಲೆಸಿದ ನಮ್ಮವರಲ್ಲಿ ಹೆಚ್ಚಿನವರಿಗೆ ಇದೊಂದು ವಿಷಯ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ರಾತ್ರಿ ಎರಡು ಗಂಟೆಗೆ ಎಟಿಎಂ ಮುಂದೆ ನಿಲ್ಲುತ್ತಾರೆ.

ಹೆಲ್ಮೆಟ್ ಇಲ್ಲ, ಸಿಗ್ನಲ್ ದಾಟಿದೆ, ತಪ್ಪು ಲೇನಿನಲ್ಲಿ ಬಂದೆ ಎಂಬಂಥ ಸಣ್ಣ ತಪ್ಪುಗಳಿಗೆ ಪೊಲೀಸರು ದಂಡ ಹಾಕಿ ಅಲ್ಲಿಗೇ ಕೈ ತೊಳೆದುಕೊಳ್ಳಬಹುದು. ಅದಕ್ಕೆ ಚೀಟಿ ಕೊಡುತ್ತಾರೆ, ಥಾಯ್ ಭಾಷೆಯಲ್ಲಿ ‘ಬಾಯ್ ಸಂಗ್’. ಆ ದಂಡವನ್ನು ಠಾಣೆಯಲ್ಲೋ ಬ್ಯಾಂಕಿನಲ್ಲೋ ಕಟ್ಟಬಹುದು. ‘ಮಾವ್ ಲ್ಯಾವ್ ಖಪ್’, ಅಂದರೆ ಕುಡಿದು ಓಡಿಸಿದ್ದು, ಈ ಗುಂಪಿಗೆ ಸೇರುವುದಿಲ್ಲ. 1979ರ ಭೂಸಂಚಾರ ಕಾಯ್ದೆಯ ಪ್ರಕಾರ ಅದಕ್ಕೆ ಒಂದು ವರ್ಷದವರೆಗೆ ಜೈಲು, ಅಥವಾ 5,000ದಿಂದ 20,000 ಬಾತ್ (ಅಲ್ಲಿನ ನಾಣ್ಯ) ದಂಡ, ಅಥವಾ ಎರಡೂ. ಜೊತೆಗೆ ಲೈಸೆನ್ಸ್ ಕನಿಷ್ಠ ಆರು ತಿಂಗಳು ಅಮಾನತು, ಇಲ್ಲವೇ ರದ್ದು. ಇಷ್ಟು ತೂಕದ ಅಪರಾಧವನ್ನು ದಂಡ ಕಟ್ಟಿಸಿಕೊಂಡು ಬಿಡುವುದಕ್ಕೆ ಅಲ್ಲಿನ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ ಪೊಲೀಸರಿಗೆ ಅವಕಾಶ ಕೊಟ್ಟಿಲ್ಲ. ಹಾಗಾಗಿ ಊದಿದ ಮೇಲೆ ರಸ್ತೆ ಬದಿಯಲ್ಲಿ ಕಿವಿಗೆ ಬೀಳುವ ಯಾವ ಮೊತ್ತವೂ, ಮೂರು ಸಾವಿರವಾಗಲಿ ಮೂವತ್ತು ಸಾವಿರವಾಗಲಿ, ಲಂಚವೇ. ಅದಕ್ಕೆ ದಂಡ ಎಂಬ ಹೆಸರಿಟ್ಟರೂ ಅಷ್ಟೆ, ಕಾಗದದ ಮೇಲೆ ಬರೆದು ತೋರಿಸಿದರೂ ಅಷ್ಟೆ.

ಮಿತಿ ಎಷ್ಟು ಎಂದರೆ ಎಲ್ಲರೂ 50 ಅನ್ನುತ್ತಾರೆ. 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಆಲ್ಕೋಹಾಲ್. ನಮ್ಮ ದೇಶದಲ್ಲಿ ಅದು 30. ‘ಅಲ್ಲಿ ಸ್ವಲ್ಪ ಸಡಿಲ ಮಾರಾಯ’ ಎಂಬ ಮಾತು ಇಲ್ಲಿಂದಲೇ ಹುಟ್ಟುವುದು. ಆದರೆ 2017ರ ನಿಯಮದ ನಂತರ ನಾಲ್ಕು ಬಗೆಯವರಿಗೆ ಮಿತಿ 20ಕ್ಕೆ ಇಳಿದಿದೆ: 20 ವರ್ಷ ತುಂಬದವರು, ತಾತ್ಕಾಲಿಕ ಲೈಸೆನ್ಸ್ ಇರುವವರು, ಬೇರೆ ಬಗೆಯ ವಾಹನದ ಲೈಸೆನ್ಸ್ ಹಿಡಿದು ಇನ್ನೊಂದನ್ನು ಓಡಿಸುವವರು, ಲೈಸೆನ್ಸೇ ಇಲ್ಲದವರು ಅಥವಾ ಅಮಾನತಾದವರು. ಈಗ ನಿಮ್ಮ ಪರಿಚಯದವರನ್ನೆಲ್ಲ ನೆನೆಸಿಕೊಳ್ಳಿ. ಹೊಸದಾಗಿ ಥಾಯ್ ಲೈಸೆನ್ಸ್ ಮಾಡಿಸಿದವರಿಗೆ ಮೊದಲು ಸಿಗುವುದು ಎರಡು ವರ್ಷದ್ದು, ಕಾನೂನಿನ ಕಣ್ಣಿನಲ್ಲಿ ಅದು ತಾತ್ಕಾಲಿಕ. ಕಾರಿನ ಲೈಸೆನ್ಸ್ ಇಟ್ಟುಕೊಂಡು ಪಟ್ಟಾಯದಲ್ಲಿ ಬಾಡಿಗೆ ಸ್ಕೂಟರ್ ಓಡಿಸುವವನು ಮೂರನೆಯ ಗುಂಪು. ಬರೀ ಕರ್ನಾಟಕದ ಸ್ಮಾರ್ಟ್ ಕಾರ್ಡ್ ಜೇಬಿನಲ್ಲಿಟ್ಟುಕೊಂಡು ಹೊರಟವನನ್ನು ಲೈಸೆನ್ಸ್ ಇಲ್ಲದವನೆಂದೇ ಬರೆದುಕೊಳ್ಳಬಹುದು. ಒಟ್ಟಿನಲ್ಲಿ 50ರ ಲೆಕ್ಕ ಹಾಕಿಕೊಂಡು ಗ್ಲಾಸ್ ಎತ್ತುವ ವಿದೇಶಿಯರಲ್ಲಿ ಬಹಳಷ್ಟು ಮಂದಿಗೆ ಅನ್ವಯಿಸುವುದು 20.

ಈ ಇಪ್ಪತ್ತು ಎಂದರೆ ಎಷ್ಟು? ಅಲ್ಲಿನ ದೊಡ್ಡ ಬಿಯರ್ ಬಾಟಲಿ 620 ಮಿಲಿ, ಆಲ್ಕೋಹಾಲ್ ಶೇ. 5. ಆಲ್ಕೋಹಾಲಿನ ಸಾಂದ್ರತೆ 0.789, ಹಾಗಾಗಿ ಒಂದು ಬಾಟಲಿಯಲ್ಲಿ ಸುಮಾರು 24.5 ಗ್ರಾಂ. 70 ಕೆ.ಜಿ. ತೂಕದ ಗಂಡಸಿನ ಮೈಯಲ್ಲಿ ಅದು ಪೂರ್ತಿ ಸೇರಿಕೊಂಡರೆ ರಕ್ತದಲ್ಲಿ ಸುಮಾರು 51 ಮಿಲಿಗ್ರಾಂ. ಒಂದೇ ಬಾಟಲಿ, ಐವತ್ತರ ಗೆರೆಯ ಮೇಲೆ. 320 ಮಿಲಿಯ ಚಿಕ್ಕ ಬಾಟಲಿಗೆ 26ರ ಆಸುಪಾಸು. 20ರ ಮಿತಿಯವನು ಅದನ್ನು ಗಟಗಟ ಕುಡಿದು ಹೊರಟರೆ ಅಲ್ಲಿಗೇ ಸಿಕ್ಕಿಬಿದ್ದ. ಹೆಂಗಸರಿಗೆ, ತೂಕ ಕಡಿಮೆ ಇರುವವರಿಗೆ ಈ ಅಂಕಿ ಇನ್ನೂ ಮೇಲಕ್ಕೆ ಹೋಗುತ್ತದೆ.

ಇಳಿಯುವ ವೇಗ ಗಂಟೆಗೆ ಸುಮಾರು 15 ಮಿಲಿಗ್ರಾಂ. ಕಾಫಿ, ತಣ್ಣೀರಿನ ಸ್ನಾನ, ಟಾಮ್ ಯಮ್ ಸೂಪು ಯಾವುದೂ ಅದನ್ನು ಮುಂದಕ್ಕೆ ತಳ್ಳುವುದಿಲ್ಲ. ರಾತ್ರಿ 11ಕ್ಕೆ ಶುರುಮಾಡಿ 1 ಗಂಟೆಯೊಳಗೆ ಎರಡು ದೊಡ್ಡ ಬಾಟಲಿ ಮುಗಿಸಿದ ಅದೇ 70 ಕೆ.ಜಿ. ಮನುಷ್ಯನ ಲೆಕ್ಕ ನೋಡಿ: 1 ಗಂಟೆಗೆ 73ರ ಹತ್ತಿರ, 50ಕ್ಕೆ ಇಳಿಯುವುದು ಎರಡೂವರೆಗೆ, 20ಕ್ಕೆ ನಾಲ್ಕೂವರೆಗೆ, ಸೊನ್ನೆ ಮುಟ್ಟುವುದು ಬೆಳಗಿನ ಆರರ ಸುಮಾರಿಗೆ. ‘ಒಂದು ನಿದ್ದೆ ಹೊಡೆದು ಹೊರಟೆ’ ಎನ್ನುವವರು ಬೀಳುವುದು ಈ ಗುಂಡಿಗೆ. 2023ರ ಡಿಸೆಂಬರಿನಿಂದ ಬ್ಯಾಂಕಾಕ್, ಫುಕೆಟ್, ಪಟ್ಟಾಯ, ಚಿಯಾಂಗ್ ಮಾಯ್, ಸಮುಯ್‌ಗಳ ಮನರಂಜನಾ ಜಾಗಗಳಿಗೆ ಬೆಳಗಿನ 4ರವರೆಗೆ ತೆರೆದಿರಲು ಅನುಮತಿ ಸಿಕ್ಕಿದೆ. ಅಲ್ಲಿಂದ ಎದ್ದವರ ಲೆಕ್ಕ ಮರುದಿನ ಊಟದ ಹೊತ್ತಿನವರೆಗೂ ಎಳೆಯಬಹುದು.

ಎರಡು ವರ್ಷದೊಳಗೆ ಎರಡನೆಯ ಸಲ ಸಿಕ್ಕಿಬಿದ್ದರೆ ಲೆಕ್ಕವೇ ಬೇರೆ. 2022ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ ಜೈಲು ಎರಡು ವರ್ಷದವರೆಗೆ, ದಂಡ 50,000ದಿಂದ 1,00,000 ಬಾತ್. ಯಾರಾದರೂ ಸತ್ತರೆ 3ರಿಂದ 10 ವರ್ಷ ಜೈಲು, 60,000ದಿಂದ 2,00,000 ಬಾತ್ ದಂಡ. ಇನ್ಶೂರೆನ್ಸ್ ವಿಷಯ ಕೇಳಲೇಬೇಡಿ, ಕುಡಿದವನ ಗಾಡಿಗೆ ಸ್ವಯಂಪ್ರೇರಿತ ವಿಮೆ ಕೈಕೊಡುತ್ತದೆ.

ಇನ್ನು ನಾಕಾಬಂದಿಯ ಮಾತು. ಥಾಯ್‌ನಲ್ಲಿ ‘ದಾನ್’. ಅದು ಇರುವುದಕ್ಕೆ ಗಟ್ಟಿ ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ವರದಿಯಲ್ಲಿ ಥಾಯ್ಲೆಂಡಿನ ರಸ್ತೆ ಸಾವಿನ ಪ್ರಮಾಣ ಲಕ್ಷಕ್ಕೆ 32.7, ಸತ್ತವರಲ್ಲಿ ಮುಕ್ಕಾಲು ಪಾಲು ದ್ವಿಚಕ್ರ, ತ್ರಿಚಕ್ರದವರು. ಹೊಸ ವರ್ಷ ಮತ್ತು ಏಪ್ರಿಲಿನ ಸೋಂಗ್‌ಕ್ರಾನ್ ಹಬ್ಬದ ವಾರಗಳಿಗೆ ಅಲ್ಲಿ ‘ಏಳು ಅಪಾಯದ ದಿನಗಳು’ ಎಂದೇ ಹೆಸರು. ಆ ದಿನಗಳಲ್ಲಿ ದಾನ್ ಎಲ್ಲ ಕಡೆ ಇರುತ್ತದೆ, ಸಾಲುಸಾಲು ಥಾಯ್ ಜನರನ್ನೇ ಊದಿಸಿ ಕೋರ್ಟಿಗೆ ಕಳಿಸುತ್ತಾರೆ. ಪ್ರತಿ ಪೊಲೀಸನೂ ಕೈ ಚಾಚಿಕೊಂಡೇ ನಿಂತಿರುತ್ತಾನೆ ಅಂದುಕೊಂಡು ನೀವೇ ನೋಟು ಮುಂದೆ ಹಿಡಿದರೆ, ಇರುವ ಒಂದು ಕೇಸು ಎರಡಾಗುತ್ತದೆ. ಅಧಿಕಾರಿಗೆ ಲಂಚ ಕೊಡುವವನಿಗೆ ದಂಡ ಸಂಹಿತೆಯ 144ನೇ ಕಲಂ ಪ್ರಕಾರ ಐದು ವರ್ಷದವರೆಗೆ ಜೈಲು, 1,00,000 ಬಾತ್‌ವರೆಗೆ ದಂಡ. ಕುಡಿದು ಓಡಿಸಿದ್ದಕ್ಕಿಂತ ಇದೇ ದೊಡ್ಡದು. ಕೇಳಿದ ಅಧಿಕಾರಿಗೆ 149ನೇ ಕಲಂನಲ್ಲಿ ಐದರಿಂದ ಇಪ್ಪತ್ತು ವರ್ಷ, ಜೀವಾವಧಿ, ಪುಸ್ತಕದ ಪ್ರಕಾರ ಮರಣದಂಡನೆಯೂ ಇದೆ. ಪುಸ್ತಕದ ಮಾತು ಬೇರೆ, ಬೀದಿಯ ಮಾತು ಬೇರೆ, ನಿಜ. ಆದರೂ ಕೇಳುವವನಿಗೂ ಒಳಗೊಳಗೆ ಭಯ ಇದ್ದೇ ಇರುತ್ತದೆ ಎಂಬುದು ನಿಮಗೆ ಉಪಯೋಗಕ್ಕೆ ಬರುವ ವಿಷಯ.

ಸರಿಯಾದ ದಾನ್ ಹೇಗಿರುತ್ತದೆ? ದೂರದಿಂದಲೇ ಕಾಣುವ ಫಲಕ, ಕೋನ್, ದೀಪ. ಸಬ್ ಲೆಫ್ಟಿನೆಂಟ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಅಲ್ಲಿರಬೇಕು. ಸಮವಸ್ತ್ರದ ಮೇಲೆ ಹೆಸರು. ಕ್ಯಾಮೆರಾ. ಕತ್ತಲೆಯ ಅಡ್ಡರಸ್ತೆಯಲ್ಲಿ ಒಂದೇ ಬೈಕ್ ನಿಲ್ಲಿಸಿಕೊಂಡು ಇಬ್ಬರೇ ಟಾರ್ಚ್ ಬೀಸುತ್ತಿದ್ದರೆ ಅದು ಬೇರೆ ವ್ಯಾಪಾರ. ಹಾಗಂತ ಗಾಡಿ ತಿರುಗಿಸಿ ಓಡಬೇಡಿ. ನಿಲ್ಲಿಸಿ, ಕಿಟಕಿ ಇಳಿಸಿ, ಕೈ ಕಾಣುವ ಹಾಗೆ ಇಟ್ಟುಕೊಳ್ಳಿ.

ಮೊದಲು ಒಂದು ಸಣ್ಣ ಯಂತ್ರ ಬಾಯಿ ಮುಂದೆ ಹಿಡಿಯುತ್ತಾರೆ, ಅದು ವಾಸನೆ ಇದೆಯೋ ಇಲ್ಲವೋ ಅಂತಷ್ಟೇ ಹೇಳುವುದು. ಇದೆ ಅಂದರೆ ಮೇಜಿನ ಹತ್ತಿರ ಕರೆದು ಅಂಕಿ ತೋರಿಸುವ ಯಂತ್ರದಲ್ಲಿ ಊದಿಸುತ್ತಾರೆ. ಸಾಕ್ಷ್ಯ ಆಗುವುದು ಎರಡನೆಯದು. ಇಲ್ಲಿ ನೋಡಬೇಕಾದ್ದು ಕೆಲವಿವೆ. ಊದುವ ಕೊಳವೆ ಹೊಸದಾಗಿರಬೇಕು, ಪ್ಲಾಸ್ಟಿಕ್ ಹೊದಿಕೆಯನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ಊದುವ ಮೊದಲು ಪರದೆಯಲ್ಲಿ ಸೊನ್ನೆ ಇರಬೇಕು. ಯಂತ್ರದ ಮೇಲೆ ವೈದ್ಯಕೀಯ ವಿಜ್ಞಾನ ಇಲಾಖೆಯ ಪರೀಕ್ಷೆಯ ಚೀಟಿ ಅಂಟಿಸಿರುತ್ತಾರೆ, ಅದರ ದಿನಾಂಕ ಮುಗಿದಿರಬಾರದು. ಕೊನೆಯ ಗುಟುಕಾಗಿ, ಮೌತ್‌ವಾಶ್ ಹಾಕಿ ಮುಕ್ಕಳಿಸಿ, ಅಥವಾ ತೇಗಿ ಹದಿನೈದು ನಿಮಿಷ ಆಗಿರದಿದ್ದರೆ ಬಾಯಿಯಲ್ಲೇ ಉಳಿದ ಆಲ್ಕೋಹಾಲ್ ಅಂಕಿಯನ್ನು ಸುಳ್ಳು ಸುಳ್ಳೇ ಏರಿಸುತ್ತದೆ. ನೀರು ಕೇಳಿ, ಕಾಲು ಗಂಟೆ ಕಾಯಲು ಬಿಡಿ ಎಂದು ಮೆತ್ತಗೆ ಹೇಳಿ. ಅಂಕಿ ಬಂದ ಮೇಲೆ ಅದರ ಮುದ್ರಿತ ಚೀಟಿ ನೋಡಿ. ‘ಒಂದು ನೂರಾ ಇಪ್ಪತ್ತು’ ಎಂದು ಬರೀ ಬಾಯಲ್ಲಿ ಹೇಳಿ, ಯಂತ್ರವನ್ನು ನಿಮ್ಮ ಕಡೆ ತಿರುಗಿಸದೆ ಜೇಬಿಗಿಟ್ಟುಕೊಂಡರೆ ಚೌಕಾಸಿ ಶುರುವಾಯಿತು ಎಂದೇ ತಿಳಿಯಿರಿ.

ಊದುವುದಿಲ್ಲ ಎಂದು ಹಟ ಹಿಡಿಯುವುದು ಮೂರ್ಖತನ. ಸಕಾರಣವಿಲ್ಲದೆ ನಿರಾಕರಿಸಿದವನನ್ನು ಕುಡಿದವನೆಂದೇ ಭಾವಿಸಲು ಭೂಸಂಚಾರ ಕಾಯ್ದೆಯ 142ನೇ ಕಲಂ ಅವಕಾಶ ಕೊಟ್ಟಿದೆ. ಅಂಕಿಯ ಮೇಲೆ ನಂಬಿಕೆ ಇಲ್ಲದಿದ್ದರೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ ಎಂದು ಕೇಳಿ. ಅದು ಊದುವುದಕ್ಕಿಂತ ನಿಖರ. ನಿಜವಾಗಿಯೂ ಮಿತಿಯೊಳಗೆ ಇದ್ದವನಿಗೆ ಅದೇ ದಾರಿ. ಮೀರಿದವನಿಗೆ ಅದರಿಂದ ಏನೂ ಸಿಗುವುದಿಲ್ಲ.

ವಿದೇಶಿಯನೇ ಯಾಕೆ ಒಳ್ಳೆಯ ಗಿರಾಕಿ ಎಂಬುದಕ್ಕೆ ಯಾವ ಗುಟ್ಟೂ ಇಲ್ಲ. ಅವನಿಗೆ ಭಾಷೆ ಬರುವುದಿಲ್ಲ. ಕೆಲಸದ ಪರ್ಮಿಟ್ ಹೋದೀತು, ವೀಸಾ ಹೋದೀತು, ಕಂಪನಿಗೆ ಗೊತ್ತಾದೀತು ಎಂಬ ಹೆದರಿಕೆ ಮೊದಲೇ ತುಂಬಿರುತ್ತದೆ. ಕೋರ್ಟಿಗೆ ಬಂದು ಸಾಕ್ಷಿ ಹೇಳುವಷ್ಟು ದಿನ ಉಳಿಯುತ್ತಾನೋ ಇಲ್ಲವೋ. ದುಡ್ಡು ಇರುತ್ತದೆ. ಅದಕ್ಕೆ ತಕ್ಕ ಹಾಗೆ ಆಟ ಕಟ್ಟುತ್ತಾರೆ: ಪಾಸ್‌ಪೋರ್ಟ್ ಕೈಗೆ ತೆಗೆದುಕೊಂಡು ಕೊಡದೆ ಇಟ್ಟುಕೊಳ್ಳುವುದು, ‘ಠಾಣೆ, ಜೈಲು, ವಾಪಸ್ ಇಂಡಿಯಾ’ ಎಂಬ ಮೂರೇ ಇಂಗ್ಲಿಷ್ ಪದಗಳನ್ನು ತಿರುಗಿಸಿ ತಿರುಗಿಸಿ ಹೇಳುವುದು, ಗಂಟೆಗಟ್ಟಲೆ ಏನೂ ಹೇಳದೆ ಕೂರಿಸುವುದು. ಕುಡಿದದ್ದು ಸಾಲದೆ ಬಂದರೆ ಜೇಬು, ಬ್ಯಾಗು ತಡಕಿ ಬೇರೆ ತಪ್ಪು ಹುಡುಕುವುದು. ಅಲ್ಲಿ ಇ-ಸಿಗರೇಟು ನಿಷಿದ್ಧ, ಬೆಂಗಳೂರಿನ ಹುಡುಗರ ಜೇಬಿನಲ್ಲಿ ಅದು ಸಿಗುವುದೂ ಅಪರೂಪವಲ್ಲ.

2023ರ ಜನವರಿಯಲ್ಲಿ ಎಲ್ಲರ ಬಾಯಿಗೂ ಬಿದ್ದ ಪ್ರಕರಣ ಇದೇ ಇ-ಸಿಗರೇಟಿನದು. ತೈವಾನಿನ ನಟಿ ಚಾರ್ಲೀನ್ ಆನ್ ಗೆಳೆಯರ ಜೊತೆ ಟ್ಯಾಕ್ಸಿಯಲ್ಲಿ ಹೋಗುತ್ತಿದ್ದಾಗ ರಚ್ಚದಾಪಿಸೆಕ್ ರಸ್ತೆಯಲ್ಲಿ, ಚೀನೀ ರಾಯಭಾರ ಕಚೇರಿಯ ಹತ್ತಿರದ ದಾನ್‌ನಲ್ಲಿ ತಡೆದು 27,000 ಬಾತ್ ವಸೂಲಿ ಮಾಡಿದರೆಂದು ಊರಿಗೆ ಹೋದ ಮೇಲೆ ಹೇಳಿಕೊಂಡಳು. ಹುವಾಯ್ ಖ್ವಾಂಗ್ ಠಾಣೆಯವರು ಮೊದಲು ಇಲ್ಲವೇ ಇಲ್ಲ ಅಂದರು. ಮಾಜಿ ರಾಜಕಾರಣಿ ಚೂವಿತ್ ಕಮೊಲ್‌ವಿಸಿತ್ ಅದನ್ನು ಹಿಡಿದು ಎಳೆದರು. ಕೆಲವೇ ವಾರಗಳಲ್ಲಿ ದುಡ್ಡು ತೆಗೆದುಕೊಂಡದ್ದು ಹೊರಬಿದ್ದು, ಠಾಣೆಯ ಹಲವರ ಮೇಲೆ ಕ್ರಮ ಶುರುವಾಯಿತು. ಆಕೆ ಗಾಡಿ ಓಡಿಸುತ್ತಿರಲಿಲ್ಲ ಎಂಬುದನ್ನು ಗಮನಿಸಿ. ಟ್ಯಾಕ್ಸಿ ಹತ್ತಿದ ಮಾತ್ರಕ್ಕೆ ಪಾರಾದೆ ಅಂತಲ್ಲ.

ಲಂಚಕ್ಕೆ ಥಾಯ್ ಜನ ಇಟ್ಟ ಹೆಸರು ‘ಖಾ ನಾಮ್ ರೋನ್ ನಾಮ್ ಚಾ’, ಬಿಸಿನೀರು ಚಹಾದ ದುಡ್ಡು. ನಮ್ಮ ‘ಚಾ ಕಾಸು’ ಅದರ ಒಡಹುಟ್ಟು. ಮೊದಲು ಹೇಳುವ ಮೊತ್ತ ಸಾಮಾನ್ಯವಾಗಿ 20,000ದ ಆಸುಪಾಸು ಇರುತ್ತದೆ, ಕಾರಣ ಕಾನೂನಿನ ಗರಿಷ್ಠ ದಂಡವೂ ಅದೇ. ಹಾಗಾಗಿ ಕೇಳಿದವನಿಗೆ ನಂಬಿಕೆ ಬರುತ್ತದೆ. ಆಮೇಲೆ ಇಳಿಯುತ್ತಾ ಬರುತ್ತದೆ. ಕಾನೂನಿನ ದಂಡ ಚೌಕಾಸಿಗೆ ಇಳಿಯುವುದಿಲ್ಲ, ಅದೇ ಗುರುತು. ಇನ್ನೊಂದು ಗುರುತು ಕ್ಯೂಆರ್ ಕೋಡ್. ಸಣ್ಣ ತಪ್ಪಿನ ಅಸಲಿ ಚೀಟಿಯ ದಂಡ ಸರಕಾರಿ ವ್ಯವಸ್ಥೆಗೆ ಹೋಗುತ್ತದೆ, ರಸೀದಿ ಬರುತ್ತದೆ. ಪೊಲೀಸನ ಮೊಬೈಲಿನ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಪರದೆಯಲ್ಲಿ ಯಾವುದೋ ವ್ಯಕ್ತಿಯ ಹೆಸರು ಮೂಡಿದರೆ, ಒತ್ತುವ ಮೊದಲು ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಈಗೀಗ ಚುರುಕಾದವರು ಕ್ಯೂಆರ್ ಕೊಡುವುದಿಲ್ಲ, ಎಟಿಎಂಗೆ ಕರೆದೊಯ್ಯುತ್ತಾರೆ.

ಆ ಹೊತ್ತಿಗೆ ಹೇಳಬೇಕಾದ ಒಂದು ಥಾಯ್ ವಾಕ್ಯ ಬಾಯಿಪಾಠ ಮಾಡಿಕೊಂಡರೆ ಸಾಕು: ‘ಖೋ ಬಾಯ್ ಸೆತ್ ದುವಯ್ ಖ್ರಪ್’. ರಸೀದಿ ಕೊಡಿ ಎಂದರ್ಥ. ಹೆಂಗಸರು ಕೊನೆಗೆ ‘ಖ್ರಪ್’ ಬದಲು ‘ಖಾ’ ಅನ್ನಬೇಕು. ನಗುತ್ತಾ ಹೇಳಬೇಕು, ಮತ್ತೆ ಮತ್ತೆ ಹೇಳಬೇಕು, ಧ್ವನಿ ಏರಿಸಬಾರದು. ಥಾಯ್ ಜನರ ಎದುರು ದನಿ ಎತ್ತಿದವನು ಮಾತಿನಲ್ಲಿ ಸೋತ ಹಾಗೆಯೇ. ಅದರ ನಂತರದ ಮಾತು ‘ಠಾಣೆಗೆ ಹೋಗೋಣ’. ಅಲ್ಲಿ ದಾಖಲೆ ಪುಸ್ತಕ ಇದೆ, ಕ್ಯಾಮೆರಾ ಇದೆ, ತನಿಖಾಧಿಕಾರಿ ಇದ್ದಾನೆ. ನೀವು ಮಿತಿಯೊಳಗಿದ್ದು ಸುಮ್ಮನೆ ಹಿಂಡುತ್ತಿದ್ದರೆ ಹತ್ತರಲ್ಲಿ ಒಂಬತ್ತು ಸಲ ಇಲ್ಲಿಗೇ ಬಿಟ್ಟುಬಿಡುತ್ತಾರೆ ಎಂಬುದು ಅಲ್ಲಿ ಹಳಬರಾದವರ ಅಂದಾಜು. ಜೊತೆಗೇ 1155ಕ್ಕೆ ಕರೆ ಮಾಡಿ. ಅದು ಟೂರಿಸ್ಟ್ ಪೊಲೀಸ್, ಇಂಗ್ಲಿಷ್ ಮಾತಾಡುತ್ತಾರೆ. ಫೋನನ್ನು ಸ್ಪೀಕರಿನಲ್ಲಿಟ್ಟು ದಾನ್‌ನ ಅಧಿಕಾರಿಯ ಕೈಗೆ ಕೊಡಿ. ಭಾಷೆಯ ಗೋಡೆಯನ್ನೇ ನಂಬಿ ನಿಂತವನಿಗೆ ಅದು ಸಾಕು.

ಮಿತಿ ಮೀರಿದ್ದೇ ನಿಜವಾದರೆ? ಆಗ ಠಾಣೆ, ಲಾಕಪ್, ಕೋರ್ಟು. ಗಾಡಿ ಅಲ್ಲೇ ನಿಲ್ಲುತ್ತದೆ. 48 ಗಂಟೆಯೊಳಗೆ ಕೋರ್ಟಿಗೆ ಹಾಜರುಪಡಿಸಬೇಕು. ನಡುವೆ ಠಾಣೆಯಲ್ಲೇ ಜಾಮೀನು ಸಿಗಬಹುದು, ನಗದು ಕೇಳುತ್ತಾರೆ, 20,000 ಬಾತ್ ಆಸುಪಾಸು ಇರುವುದು ಸಾಮಾನ್ಯ. ಜನ ಎಡವುವುದು ಇಲ್ಲೇ. ಜಾಮೀನಿನ ದುಡ್ಡೂ ಲಂಚದ ದುಡ್ಡೂ ಮೊತ್ತದಲ್ಲಿ ಒಂದೇ ಥರ ಕಾಣುತ್ತವೆ. ಜಾಮೀನಿಗೆ ನಿಮ್ಮ ಹೆಸರಿರುವ ಕಾಗದ, ಸಹಿ, ರಸೀದಿ, ಕೋರ್ಟಿಗೆ ಬರಬೇಕಾದ ದಿನಾಂಕ ಇರುತ್ತದೆ. ಹೇಳಿದ ದಿನ ಹಾಜರಾದರೆ ದುಡ್ಡು ವಾಪಸ್ ಬರುತ್ತದೆ. ದುಡ್ಡು ಕೊಟ್ಟ ಮೇಲೆ ‘ಹೋಗು, ಬರಬೇಡ’ ಎಂದರೆ ಅದು ಜಾಮೀನಲ್ಲ. ಥಾಯ್ ಓದಲು ಬರದವರು ಯಾವ ಕಾಗದಕ್ಕೂ ಅಲ್ಲೇ ಸಹಿ ಹಾಕಬೇಡಿ. ವಕೀಲ ‘ತನಾಯ್’, ದುಭಾಷಿ ‘ಲಾಮ್’, ಎರಡೂ ಕೇಳಿ ಪಡೆಯುವ ಹಕ್ಕು. ಬಂಧಿತನಾದ ವಿಷಯವನ್ನು ಮನೆಯವರಿಗೋ ನೀವು ನಂಬುವವರಿಗೋ ತಿಳಿಸುವ ಹಕ್ಕೂ ಇದೆ. ಭಾರತದ ರಾಯಭಾರ ಕಚೇರಿಗೆ ತಿಳಿಸಿ ಎಂದು ಹೇಳಿದರೆ ಪೊಲೀಸರು ತಿಳಿಸಬೇಕು, ಅದು ವಿಯೆನ್ನಾ ಕಾನ್ಸುಲರ್ ಒಪ್ಪಂದದ 36ನೇ ವಿಧಿ. ಕಚೇರಿ ಇರುವುದು ಬ್ಯಾಂಕಾಕಿನ ಸುಖುಮ್‌ವಿತ್ ರಸ್ತೆಯ 23ನೇ ಸೋಯ್‌ನಲ್ಲಿ, ಅಂದರೆ ಅಡ್ಡರಸ್ತೆಯಲ್ಲಿ. ಉತ್ತರದವರಿಗೆ ಚಿಯಾಂಗ್ ಮಾಯ್‌ನಲ್ಲಿ ಕಾನ್ಸುಲೇಟ್. ಅವರು ದಂಡ ಕಟ್ಟುವುದಿಲ್ಲ, ಕೇಸು ತೆಗೆಸುವುದೂ ಇಲ್ಲ. ವಕೀಲರ ಪಟ್ಟಿ ಕೊಡುತ್ತಾರೆ, ಮನೆಗೆ ಸುದ್ದಿ ಮುಟ್ಟಿಸುತ್ತಾರೆ.

ಕೋರ್ಟು ಎಂದರೆ ‘ಸಾನ್ ಖ್ವೇಂಗ್’, ಸಣ್ಣ ಕೇಸುಗಳ ಕೋರ್ಟು. ತಪ್ಪೊಪ್ಪಿಕೊಂಡರೆ ಶಿಕ್ಷೆಯನ್ನು ಅರ್ಧದವರೆಗೆ ಇಳಿಸಲು ದಂಡ ಸಂಹಿತೆಯ 78ನೇ ಕಲಂ ದಾರಿ ಮಾಡಿಕೊಡುತ್ತದೆ. ಮೊದಲ ಸಲ, ಯಾರಿಗೂ ಪೆಟ್ಟಾಗಿಲ್ಲ ಎಂದಾದರೆ ಜೈಲನ್ನು ಅಮಾನತಿನಲ್ಲಿಟ್ಟು ದಂಡ, ಸಮುದಾಯ ಸೇವೆ, ಪ್ರೊಬೇಷನ್ ಅಧಿಕಾರಿಯ ಮುಂದೆ ಆಗಾಗ ಹಾಜರಿ ಎಂದು ಮುಗಿಯುವುದೇ ಹೆಚ್ಚು. ಅಂದರೆ ರಸ್ತೆಯಲ್ಲಿ 20,000 ಕೊಟ್ಟು ‘ಬದುಕಿದೆ’ ಅಂದುಕೊಂಡವನು ಬಹಳ ಸಲ ಕೋರ್ಟಿನ ದಂಡಕ್ಕಿಂತ ಜಾಸ್ತಿ ಕಟ್ಟಿರುತ್ತಾನೆ. ಉಳಿಸಿಕೊಂಡದ್ದು ಒಂದು ರಾತ್ರಿಯ ಲಾಕಪ್ ಮತ್ತು ಒಂದು ದಾಖಲೆ. ದಾಖಲೆಯೇ ಮುಖ್ಯ ಅನ್ನುವವರೂ ಇದ್ದಾರೆ, ಅವರ ಹೆದರಿಕೆ ಸುಳ್ಳಲ್ಲ. ಮುಂದೆ ವೀಸಾ ಅರ್ಜಿಗಳಲ್ಲಿ ಶಿಕ್ಷೆಯಾಗಿದೆಯೇ ಎಂಬ ಪ್ರಶ್ನೆ ಬರುತ್ತದೆ. ಲಂಚದ ಮಾರುಕಟ್ಟೆ ನಿಂತಿರುವುದೇ ಆ ಹೆದರಿಕೆಯ ಮೇಲೆ.

ಈಗಾಗಲೇ ದುಡ್ಡು ಕಕ್ಕಿದವರು ಫೇಸ್‌ಬುಕ್ಕಿಗೆ ಹೋಗುವ ಮೊದಲು ಒಂದು ನಿಮಿಷ ತಡೆಯಿರಿ. ಥಾಯ್ಲೆಂಡಿನಲ್ಲಿ ಮಾನಹಾನಿ ಕ್ರಿಮಿನಲ್ ಅಪರಾಧ, ಪ್ರಕಟಿಸಿ ಮಾಡಿದರೆ ಎರಡು ವರ್ಷದವರೆಗೆ ಜೈಲು, 2,00,000 ಬಾತ್‌ವರೆಗೆ ದಂಡ. ಹೆಸರು, ಮುಖ ಹಾಕಿ ಪೋಸ್ಟ್ ಮಾಡಿದವನೇ ಆರೋಪಿಯಾಗುತ್ತಾನೆ. ದೂರು ಕೊಡಲು ರಾಯಲ್ ಥಾಯ್ ಪೊಲೀಸಿನ 1599, ರಾಷ್ಟ್ರೀಯ ಭ್ರಷ್ಟಾಚಾರ ನಿಗ್ರಹ ಆಯೋಗದ 1205, ಒಳಾಡಳಿತ ಸಚಿವಾಲಯದ ದೂರು ಕೇಂದ್ರವಾದ ದಮ್ರೊಂಗ್‌ಥಾಮ್‌ನ 1567 ಇವೆ. ಬೇಕಾದ್ದು ಇಷ್ಟು: ಜಾಗ, ಗಂಟೆ, ಸಮವಸ್ತ್ರದ ಮೇಲಿನ ಹೆಸರು, ಗಾಡಿಯ ನಂಬರ್, ಎಟಿಎಂ ಚೀಟಿಯ ಸಮಯ. ಎಟಿಎಂ ಚೀಟಿ ಬಿಸಾಡಬೇಡಿ. ರಾತ್ರಿ 2.40ಕ್ಕೆ ದಾನ್ ಪಕ್ಕದ ಎಟಿಎಂನಿಂದ 20,000 ತೆಗೆದ ದಾಖಲೆಗೆ ಉತ್ತರ ಕೊಡುವುದು ಯಾರಿಗೂ ಕಷ್ಟ.

ಹೊರಡುವ ಮುನ್ನ ಊರಲ್ಲೇ ಮಾಡಬಹುದಾದ ಕೆಲಸವೂ ಇದೆ. ಆರ್‌ಟಿಒದಲ್ಲಿ ಫಾರ್ಮ್ 4ಎ ತುಂಬಿ, 1,000 ರೂಪಾಯಿ ಕಟ್ಟಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿ, ಒಂದು ವರ್ಷ ನಡೆಯುತ್ತದೆ. ಬೈಕ್ ಓಡಿಸುವುದಾದರೆ ಬೈಕಿನ ಕಾಲಮಿನಲ್ಲೂ ಮುದ್ರೆ ಇದೆಯೇ ನೋಡಿಕೊಳ್ಳಿ, ಕಾರಿಗಷ್ಟೇ ಇದ್ದರೆ ಸ್ಕೂಟರಿಗೆ ಅದು ಬರೀ ಕಾಗದ. ನೆಲೆಸುವವರು ಭೂಸಾರಿಗೆ ಇಲಾಖೆಗೆ ಹೋಗಿ ಥಾಯ್ ಲೈಸೆನ್ಸ್ ಮಾಡಿಸಿಕೊಳ್ಳಿ: ಪಾಸ್‌ಪೋರ್ಟ್, ವೈದ್ಯರ ಪ್ರಮಾಣಪತ್ರ, ವರ್ಕ್ ಪರ್ಮಿಟ್ ಇಲ್ಲವೇ ವಾಸದ ಪ್ರಮಾಣಪತ್ರ. ಮೊದಲ ಎರಡು ವರ್ಷದ್ದಕ್ಕೆ ಕಾರಿಗೆ 205 ಬಾತ್, ಬೈಕಿಗೆ 105. ಆ ಎರಡು ವರ್ಷ ನಿಮ್ಮ ಮಿತಿ 20. ಸ್ಕೂಟರ್ ಬಾಡಿಗೆಗೆ ಪಾಸ್‌ಪೋರ್ಟನ್ನೇ ಅಡವಿಡಬೇಡಿ. ದಾನ್‌ನಲ್ಲಿ ಅದು ಜೇಬಲ್ಲಿಲ್ಲ ಎನ್ನುವುದೇ ಇನ್ನೊಂದು ಕೊಕ್ಕೆಯಾಗುತ್ತದೆ.

ಗುಂಡು ಹಾಕುವ ರಾತ್ರಿ ಗ್ರ್ಯಾಬ್ ಅಥವಾ ಬೋಲ್ಟ್ ಆ್ಯಪ್‌ನಲ್ಲಿ ಟ್ಯಾಕ್ಸಿ ಕರೆಯಿರಿ. ಸ್ವಂತ ಕಾರು ಬಾರ್ ಮುಂದೆ ನಿಲ್ಲಿಸಿ ಬಿಟ್ಟವರಿಗೆ ಬ್ಯಾಂಕಾಕಿನಲ್ಲಿ ಯು ಡ್ರಿಂಕ್ ಐ ಡ್ರೈವ್ ಎಂಬ ಬಾಡಿಗೆ ಚಾಲಕರ ಸೇವೆ ಇದೆ, ನಿಮ್ಮ ಕಾರನ್ನೇ ಓಡಿಸಿಕೊಂಡು ಮನೆ ಮುಟ್ಟಿಸುತ್ತಾರೆ. ಹೊಸ ವರ್ಷದ ರಾತ್ರಿಯಾದರೆ ಮುಂಚೆಯೇ ಬುಕ್ ಮಾಡಬೇಕು.